ಟ್ರಿಬೋನಿಯನ್: ರೋಮನ್ ರಾಜಶಾಸನಗಳ ಸಂಪಾದಕ

ರೋಮನ್ ನ್ಯಾಯಶಾಸ್ತ್ರವು ಇಂದು ನಮಗೆ ದೊರೆಯುವ ರೂಪವನ್ನು ಪಡೆದುದು ಕ್ರಿ.ಶ. ಆರನೆಯ ಶತಮಾನದಲ್ಲಿ. ಆ ಕಾರ್ಯದ ಮುಖ್ಯ ಸಂಪಾದಕ ಟ್ರಿಬೋನಿಯನ್. ಏಷ್ಯಾ ಮೈನರಿನ ಪಂಫೀಲಿಯಾ ಪ್ರಾಂತದ ಸೀಡೆ ಈತನ ಹುಟ್ಟೂರು. ವಕೀಲನಾಗಿದ್ದ ಈತನನ್ನು ಚಕ್ರವರ್ತಿ ಜಸ್ಟಿನಿಯನ್ 528ರಲ್ಲಿ ರಾಜಶಾಸನಗಳ ಸಂಕಲನಕ್ಕೆಂದು ರಚಿಸಿದ ಹತ್ತು ಮಂದಿಯ ಸಮಿತಿಗೆ ಸೇರಿಸಿಕೊಂಡನು.

ರೋಮನ್ನರಲ್ಲಿ ರಾಜಾಜ್ಞೆಗಳಿಗೆ ‘ಕೋನ್ಸ್ತಿತೂತಿಯೊ’ ಎಂಬುದು ಸಾಮಾನ್ಯ ಸಂಜ್ಞೆ. ಪ್ರಜೆಗಳಿಗೆ ಸಾರಿದ ಆಜ್ಞೆ ‘ಎದಿಕ್ತುಂ’. ಚಕ್ರವರ್ತಿಯು ನ್ಯಾಯಾಧೀಶನಾಗಿ ನೀಡಿದ ತೀರ್ಪು ‘ದೆಕ್ರೇತುಂ’. ಅರ್ಜಿಗೆ ಬರೆದ ಉತ್ತರ ‘ರೆಸ್ಕ್ರಿಪ್ತುಂ’. ಅಧಿಕಾರಿಗಳಿಗೆ ಕೊಟ್ಟ ಸೂಚನೆ ‘ಮಂದಾತುಂ’. 529ರಲ್ಲಿ ಹೊರಬಂದ ಸಂಹಿತೆಯು ವ್ಯಕ್ತಿಗಳಿಗೆ ಬರೆದ ಉತ್ತರಗಳಿಗೂ ಸಾರ್ವತ್ರಿಕ ಶಾಸನದ ಬಲವನ್ನು ನೀಡಿತು.

530ರ ಡಿಸೆಂಬರಿನಲ್ಲಿ ಪ್ರಾಚೀನ ನ್ಯಾಯಪಂಡಿತರ ಗ್ರಂಥಗಳನ್ನು ಸಂಗ್ರಹಿಸುವ ಹೊಣೆ ಟ್ರಿಬೋನಿಯನ್ನನಿಗೆ ಬಂದಿತು. ಸುಮಾರು 2,000 ಪುಸ್ತಕಗಳ ಮೂವತ್ತು ಲಕ್ಷ ಸಾಲುಗಳು 50 ಭಾಗಗಳ ‘ಡೈಜೆಸ್ಟ್’ನಲ್ಲಿ ಒಂದೂವರೆ ಲಕ್ಷ ಸಾಲುಗಳಿಗೆ ಇಳಿದವು. ಮೂಲಪಾಠವನ್ನು ಪ್ರಚಲಿತ ನ್ಯಾಯಕ್ಕೆ ಹೊಂದುವಂತೆ ತಿದ್ದಲು ರಾಜಾನುಮತಿಯಿತ್ತು. ಐವರು ಸಾಕ್ಷಿಗಳ ಎದುರಿಗೆ ತಕ್ಕಡಿ ಹಾಗೂ ಕಂಚನ್ನು ಬಳಸಿ ಸ್ವತ್ತನ್ನು ವರ್ಗಾಯಿಸುವ ‘ಮಂಕಿಪಾತಿಯೊ’ ವಿಧಿಯು ಆ ವೇಳೆಗೆ ಬಳಕೆ ತಪ್ಪಿತ್ತು. ಆದುದರಿಂದ ಆ ಪದವನ್ನು ತೆಗೆದು, ಕೈವಶ ಮಾಡುವುದೆಂಬ ಅರ್ಥದ ‘ತ್ರಾದಿತಿಯೊ’ ಪದವನ್ನು ಇರಿಸಲಾಯಿತು. ಪಂಡಿತರ ಹೆಸರುಗಳು ಮಾತ್ರ ಹಾಗೆಯೇ ಉಳಿದವು. ಹೀಗೆ ಎರಡನೆಯ ಶತಮಾನದ ಲೇಖಕನು ಆರನೆಯ ಶತಮಾನದ ಪರಿಭಾಷೆಯಲ್ಲಿ ಮಾತನಾಡುವಂತಾಯಿತು.

ಈ ನಡುವೆ 532ರ ಜನವರಿಯಲ್ಲಿ ಕಾನ್ಸ್ಟಾಂಟಿನೋಪಲಿನಲ್ಲಿ ನಡೆದ ನೀಕಾ ದಂಗೆಯ ಒತ್ತಡಕ್ಕೆ ಮಣಿದ ಚಕ್ರವರ್ತಿಯು ಈತನನ್ನು ಪದವಿಯಿಂದ ತೆಗೆದನು. ಆದರೂ ಗ್ರಂಥಕಾರ್ಯ ಮುಂದುವರಿದು, ಡೈಜೆಸ್ಟ್ 533ರಲ್ಲಿಯೂ ಪರಿಷ್ಕೃತ ಸಂಹಿತೆ 534ರಲ್ಲಿಯೂ ಜಾರಿಗೆ ಬಂದವು. ಮುಂದೆ ಟ್ರಿಬೋನಿಯನ್ ಮತ್ತೆ ಪದವಿಯನ್ನು ಪಡೆದನು. ಸಮಕಾಲೀನ ಇತಿಹಾಸಕಾರ ಪ್ರೊಕೋಪಿಯಸ್ ಈತನ ವಿದ್ವತ್ತನ್ನು ಒಪ್ಪಿ, ಹಣಕ್ಕಾಗಿ ಕಾನೂನನ್ನು ಮಾರುತ್ತಿದ್ದನೆಂದು ಆರೋಪಿಸಿದ್ದಾನೆ. ಸು. 542ರಲ್ಲಿ ಈತನು ತೀರಿಕೊಂಡನು.

ತಿದ್ದುಪಡಿಗಳ ಸ್ವರೂಪವನ್ನು ಅರಿಯಲು ಮಹತ್ವದ ಆಧಾರವೊಂದು ದೊರೆತುದು 1816ರಲ್ಲಿ. ವೆರೋನಾದಲ್ಲಿ ನೀಬೂರ್ ಗುರುತಿಸಿದ, ಅಳಿಸಿ ಮತ್ತೆ ಬರೆದ ಚರ್ಮಪತ್ರದಲ್ಲಿ ಎರಡನೆಯ ಶತಮಾನದ ಗಾಯಸ್‌ನ ಕೃತಿಯಿತ್ತು. ಅದರಲ್ಲಿ ಹಳೆಯ ವಿಧಿಗಳೂ ಸಂಜ್ಞೆಗಳೂ ಉಳಿದಿದ್ದವು. ಡೈಜೆಸ್ಟ್ ಇಲ್ಲದಿದ್ದರೆ ಆ ಪಂಡಿತರ ಬಹುಪಾಲು ವಿಚಾರಗಳು ನಷ್ಟವಾಗುತ್ತಿದ್ದವು ಎಂಬುದೂ ನಿಜ. ಆದುದರಿಂದ ಡೈಜೆಸ್ಟಿನ ಪ್ರತಿಯೊಂದು ಪದವನ್ನೂ ಅದು ಮೂಲ ಲೇಖಕನದೋ ಸಂಪಾದಕನದೋ ಎಂದು ಪರಿಶೀಲಿಸಿಯೇ ಸ್ವೀಕರಿಸಬೇಕಾಗುತ್ತದೆ.