ಮ್ಯಾಕ್ಸ್ ಟೈಲರ್ ಮತ್ತು ಕಾಲೆಳೆಯುವ ಇಲಿಗಳು

ಆಫ್ರಿಕಾದ ಕೆಲವು ದೇಶಗಳಿಗೆ ಕೆಲಸದ ಮೇಲೆ ಹೋಗೋರು ಪಾಸ್‌ಪೋರ್ಟ್ ಜೊತೆ ಒಂದು ಹಳದಿ ಪುಸ್ತಕವನ್ನೂ ಇಟ್ಕೊಂಡಿರ್ತಾರೆ. ಹಳದಿ ಜ್ವರದ ಲಸಿಕೆ ಹಾಕಿಸ್ಕೊಂಡಿದ್ದಕ್ಕೆ ಅದೇ ಸಾಕ್ಷಿ. ಆ ಲಸಿಕೆಯನ್ನು ಕೊಟ್ಟವರು ಮ್ಯಾಕ್ಸ್ ಟೈಲರ್. ಹೆಸರು ಕೇಳಿ ನಮಗೂ ಮೊದಲು ನೆನಪಾಗಿದ್ದು ಬಟ್ಟೆ ಹೊಲಿಯೋ ಟೈಲರ್ರೇ! ಆದರೆ ಈ ಸಲ ನಾವು ಅವರನ್ನು ಆರಿಸಿದ್ದು ಲಸಿಕೆಗಿಂತ ಹೆಚ್ಚಾಗಿ ಅವರ ಇಲಿಗಳಿಗಾಗಿ.

ಟೈಲರ್ 1899ರ ಜನವರಿ 30ರಂದು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಹುಟ್ಟಿದರು. ತಂದೆ ಆರ್ನಾಲ್ಡ್, ಸ್ವಿಟ್ಜರ್ಲೆಂಡಿನಿಂದ ಬಂದು ನೆಲೆಸಿದ ಹೆಸರಾಂತ ಪಶುವೈದ್ಯ ವಿಜ್ಞಾನಿ. ಮಗ ಲಂಡನ್ನಿನಲ್ಲಿ ಓದಿ 1922ರಲ್ಲಿ ವೈದ್ಯರಾದರು. ಡಿಪ್ಲೊಮಾಗಳು ಸಿಕ್ಕವು, ಎಂ.ಡಿ. ಮಾತ್ರ ಕೊನೆವರೆಗೂ ಆಗಲಿಲ್ಲ. (ಬ್ಯಾಕ್‌ಲಾಗ್ ಇರೋ ಗೆಳೆಯರು ಇದನ್ನೇ ನೆಪ ಮಾಡ್ಕೋಬೇಡಿ.) ಅದೇ ವರ್ಷ ಅಮೆರಿಕದ ಹಾರ್ವರ್ಡ್ ಸೇರಿದರು.

ಹಳದಿ ಜ್ವರ ಸೊಳ್ಳೆಯಿಂದ ಹರಡಿ ಲಿವರ್ ಹಾಳು ಮಾಡೋ ಕಾಯಿಲೆ. ಅದನ್ನು ಅಧ್ಯಯನ ಮಾಡಲು ಹೋದವರೇ ಅದರಿಂದ ಸಾಯ್ತಿದ್ದ ಕಾಲ ಅದು. 1927ರಲ್ಲಿ ಏಡ್ರಿಯನ್ ಸ್ಟೋಕ್ಸ್, 1928ರಲ್ಲಿ ಹಿಡೆಯೊ ನೊಗುಚಿ ತೀರಿಕೊಂಡರು. ಪ್ರಯೋಗಕ್ಕೆ ಮಂಗಗಳೇ ಬೇಕಿತ್ತು, ಅವು ದುಬಾರಿ. ಟೈಲರ್ ವೈರಸ್ಸನ್ನು ನೇರವಾಗಿ ಬಿಳಿ ಇಲಿಯ ಮಿದುಳಿಗೇ ಚುಚ್ಚಿ ನೋಡಿದರು. ಇಲಿಗಳು ಸತ್ತವು, ಆದರೆ ಲಿವರ್ ಕೆಟ್ಟಲ್ಲ, ಮಿದುಳಿನ ಉರಿಯೂತದಿಂದ. 1930ರಲ್ಲಿ ಇದನ್ನು ಪ್ರಕಟಿಸಿದರು. ಅಷ್ಟರಲ್ಲಿ ಅವರಿಗೂ ಆ ಜ್ವರ ಬಂದು ಹೋಗಿತ್ತು. ಬದುಕುಳಿದಿದ್ದು ನಮ್ಮ ಪುಣ್ಯ ಅನ್ನಬೇಕು.

ಅದೇ ವರ್ಷ ನ್ಯೂಯಾರ್ಕಿನ ರಾಕ್‌ಫೆಲರ್ ಫೌಂಡೇಶನ್ ಪ್ರಯೋಗಾಲಯಕ್ಕೆ ಬಂದರು. ಇಲಿಯ ಮಿದುಳಿನಲ್ಲಿ ಬೆಳೆದ ವೈರಸ್ ಲಿವರ್‌ಗೆ ಸೌಮ್ಯವಾಗುತ್ತಿತ್ತು, ಮಿದುಳಿಗೆ ಮಾತ್ರ ಇನ್ನೂ ಅಪಾಯ. ಅದಕ್ಕೇ ಮಿದುಳು, ಬೆನ್ನುಹುರಿ ತೆಗೆದ ಕೋಳಿ ಭ್ರೂಣದ ಅಂಗಾಂಶದಲ್ಲಿ ವೈರಸ್ಸನ್ನು ಮತ್ತೆ ಮತ್ತೆ ಬೆಳೆಸಿದರು. ಕೊನೆಗೆ ಎರಡೂ ಕಡೆ ಹಲ್ಲು ಕಿತ್ತ ತಳಿಯೊಂದು ಸಿಕ್ಕಿತು. ಅದೇ 1937ರ 17ಡಿ ಲಸಿಕೆ. 1951ರಲ್ಲಿ ನೊಬೆಲ್ ಬಂತು. ನಮ್ಮ ಮಲೆನಾಡಿಗೂ ಈ ಕಥೆಯ ಒಂದು ಎಳೆ ತಾಗುತ್ತೆ: 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಹಳದಿ ಜ್ವರವೇ ಬಂತೇನೋ ಅನ್ನೋ ಅನುಮಾನ ಎದ್ದಿತ್ತು. ಅದು ಬೇರೆ ವೈರಸ್, ಆದರೆ ಅದೇ ಕುಟುಂಬದ್ದು.

ಈಗ ಇಲಿಗಳಿಗೆ ಬರೋಣ. ಸಾವಿರಾರು ಇಲಿಗಳ ನಡುವೆ ಅಪರೂಪಕ್ಕೊಂದು ಹಿಂಗಾಲು ಎಳೆದುಕೊಂಡು ಓಡಾಡ್ತಿತ್ತು. ಅದಕ್ಕೂ ಹಳದಿ ಜ್ವರದ ಪ್ರಯೋಗಕ್ಕೂ ಸಂಬಂಧವಿರಲಿಲ್ಲ. ಇನ್ನೊಬ್ಬರಾಗಿದ್ದರೆ ಕೆಟ್ಟ ಸ್ಯಾಂಪಲ್ ಅಂತ ಬಿಸಾಡ್ತಿದ್ರು (ನಮ್ಮ ಲ್ಯಾಬ್ ರೆಕಾರ್ಡ್‌ಗಳಲ್ಲಿ ನಾವು ಮಾಡೋದೂ ಅದೇ ತಾನೆ?). ಟೈಲರ್ ಅದರೊಳಗಿಂದ ಹೊಸ ವೈರಸ್ಸನ್ನೇ ಬೇರ್ಪಡಿಸಿ 1934ರಲ್ಲಿ ವರದಿ ಮಾಡಿದರು. ಇಲಿಗಳ ಕರುಳಿನಲ್ಲಿ ಸುಮ್ಮನೆ ಇರೋ, ಪೋಲಿಯೊ ವೈರಸ್‌ನ ದೂರದ ನೆಂಟ ಅದು.

1972ರ ಆಗಸ್ಟ್ 11ರಂದು ಟೈಲರ್ ತೀರಿಕೊಂಡರು. ಆ ವೈರಸ್‌ನ ದೊಡ್ಡ ಕಥೆ ಬಿಚ್ಚಿಕೊಂಡದ್ದು ಆಮೇಲೆ. ಒಂದೇ ವೈರಸ್ಸನ್ನು ಎರಡು ತಳಿಯ ಇಲಿಗಳ ಮಿದುಳಿಗೆ ಹಾಕಿದರೆ, ಸಿ57ಬಿಎಲ್/6 ತಳಿ ಕೆಲವೇ ವಾರಗಳಲ್ಲಿ ಅದನ್ನು ಗುಡಿಸಿಹಾಕುತ್ತೆ. ಎಸ್‌ಜೆಎಲ್ ತಳಿಯಲ್ಲಿ ಅದು ಬೆನ್ನುಹುರಿ ಸೇರಿ ಜೀವನಪೂರ್ತಿ ಉಳಿಯುತ್ತೆ. ಅದರ ಜೊತೆಗಿನ ದೇಹದ ನಿಲ್ಲದ ಕಾದಾಟದಲ್ಲಿ ನರತಂತುಗಳ ಮೈಲಿನ್ ಹೊದಿಕೆ, ವೈರ್ ಮೇಲಿನ ಇನ್ಸುಲೇಷನ್ ಹಾಗೆ, ಸುಲಿದುಹೋಗುತ್ತೆ. ಮನುಷ್ಯರ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಗೆ ಹತ್ತಿರದ ಸ್ಥಿತಿ ಇದು.

ವ್ಯತ್ಯಾಸ ಎಲ್ಲಿ? ಹುಡುಕಿದಾಗ ಮುಖ್ಯವಾಗಿ ಸಿಕ್ಕಿದ್ದು ರೋಗನಿರೋಧಕ ವ್ಯವಸ್ಥೆಯ ಎಚ್-2ಡಿ ಅನ್ನೋ ಜೀನ್. ಸೋಂಕು ತಗುಲಿದ ಜೀವಕೋಶ ತನ್ನೊಳಗಿನ ವೈರಸ್ಸಿನ ಚೂರನ್ನು ಹೊರಗೆ ಹಿಡಿದು ತೋರಿಸುತ್ತೆ, ಅದನ್ನು ಗುರುತಿಸಿ ಟಿ-ಕೋಶಗಳು ದಾಳಿ ಮಾಡ್ತವೆ. ಚೂರು ಹಿಡಿಯೋ ಆ ಖಾಂಚೆಯ ಆಕಾರ ಬರೆಯೋದು ಈ ಜೀನ್. ನಿರೋಧಕ ಇಲಿಯ ಖಾಂಚೆಗೆ ಟೈಲರ್ ವೈರಸ್‌ನ ಹೊರಕವಚದ ಒಂದು ಚೂರು ಸರಿಯಾಗಿ ಕೂರುತ್ತೆ. ಸರ್ಕ್ಯೂಟಿನಲ್ಲಿ ದೋಷ ಹುಡುಕೋ ಹಾಗೇ ಪರೀಕ್ಷಿಸಿದರು: ಸೋಲುವ ತಳಿಗೆ ಆ ಜೀನ್ ಸೇರಿಸಿದರೆ ವೈರಸ್ ಓಡುತ್ತೆ, ಗೆಲ್ಲುವ ತಳಿಯಲ್ಲಿ ಖಾಂಚೆ ನಿಲ್ಲಲು ಬೇಕಾದ ಪ್ರೊಟೀನನ್ನೇ ತೆಗೆದರೆ ವೈರಸ್ ಉಳಿದುಬಿಡುತ್ತೆ. ಆದರೂ ಇದೊಂದೇ ಜೀನಿನ ಆಟ ಅಲ್ಲ. ಹತ್ತನೇ ಕ್ರೋಮೋಸೋಮಿನಲ್ಲಿ ಇಂಟರ್‌ಫೆರಾನ್-ಗಾಮಾ ಜೀನಿನ ಅಕ್ಕಪಕ್ಕವೂ ಪಾತ್ರ ವಹಿಸುತ್ತೆ.

ಮನುಷ್ಯರಲ್ಲಿ ಇದೇ ಜೀನ್ ಗುಂಪಿಗೆ ಎಚ್‌ಎಲ್‌ಎ ಅಂತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಅತಿ ದೊಡ್ಡ ಆನುವಂಶಿಕ ಅಪಾಯ ಕಂಡಿರೋದೂ ಅಲ್ಲೇ. ಮಿದುಳು, ಬೆನ್ನುಹುರಿಯಲ್ಲಿ ಬೀಡುಬಿಡೋ ಟೈಲರ್ ವೈರಸ್‌ಗಳ ಗುಂಪನ್ನು ಪ್ರಯೋಗಾಲಯಗಳಲ್ಲಿ ಈಗಲೂ ಟಿಓ ಅಂತಾರೆ. ಬಿಡಿಸಿ ಓದಿದರೆ, ಟೈಲರ್ಸ್ ಒರಿಜಿನಲ್.