ಹನಿ ರಕ್ತದಲ್ಲಿ ಕಂಡ ಸತ್ಯ

ಮಲೇರಿಯಾ ಎಂಬ ಪದಕ್ಕೆ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ ಎಂದು ಅರ್ಥ. ಜೌಗುನೆಲದಿಂದೇಳುವ ದುರ್ವಾಯುವೇ ಈ ಚಳಿಜ್ವರಕ್ಕೆ ಕಾರಣವೆಂದು ಜನರು ಶತಮಾನಗಳ ಕಾಲ ನಂಬಿದ್ದರು. ಅದರ ನಿಜವಾದ ಕಾರಣವನ್ನು ಕಣ್ಣಾರೆ ಕಂಡು ಲೋಕಕ್ಕೆ ತಿಳಿಸಿದವನು ಫ್ರಾನ್ಸಿನ ಸೇನಾವೈದ್ಯ ಆಲ್ಫೋನ್ಸ್ ಲಾವೆರಾನ್.

1845ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದ ಲಾವೆರಾನನು ತಂದೆಯಂತೆಯೇ ಸೇನಾವೈದ್ಯನಾದನು. 1878ರಲ್ಲಿ ಅವನನ್ನು ಉತ್ತರ ಆಫ್ರಿಕದ ಅಲ್ಜೀರಿಯಾಕ್ಕೆ ಕಳುಹಿಸಲಾಯಿತು. ಅಲ್ಲಿ ಅನೇಕ ಸೈನಿಕರು ಮಲೇರಿಯಾದಿಂದ ನರಳುತ್ತಿದ್ದರು. ಈ ರೋಗದಿಂದ ಸತ್ತವರ ಅಂಗಗಳಲ್ಲಿ ಕಪ್ಪು ಕಣಗಳಿರುವುದು ವೈದ್ಯರಿಗೆ ಮೊದಲೇ ತಿಳಿದಿತ್ತು. ಅವು ಎಲ್ಲಿಂದ ಬಂದುವು? ರೋಗದ ಮೂಲವನ್ನು ಇತರರು ಜೌಗಿನ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಅರಸುತ್ತಿದ್ದಾಗ, ಲಾವೆರಾನನು ರೋಗಿಯ ರಕ್ತದಲ್ಲಿಯೇ ಅರಸಿದನು. ಹನಿ ರಕ್ತವನ್ನು ಗಾಜಿನ ಮೇಲಿರಿಸಿ, ಒಣಗಿಸದೆ, ಬಣ್ಣ ಹಾಕದೆ, ಸೂಕ್ಷ್ಮದರ್ಶಕದಲ್ಲಿ ತಾಳ್ಮೆಯಿಂದ ನೋಡುವುದೇ ಅವನ ವಿಧಾನ.

1880ರ ನವೆಂಬರ್ 6ರಂದು, ಕಾನ್‌ಸ್ಟಂಟೀನ್ ನಗರದ ಸೇನಾ ಆಸ್ಪತ್ರೆಯಲ್ಲಿ ಅವನು ಸೈನಿಕನೊಬ್ಬನ ರಕ್ತವನ್ನು ಪರೀಕ್ಷಿಸುತ್ತಿದ್ದನು. ಕಪ್ಪು ಕಣಗಳಿಂದ ಕೂಡಿದ ದುಂಡನೆಯ ಕಾಯವೊಂದು ಕಣ್ಣಿಗೆ ಬಿದ್ದಿತು. ಅದರ ಅಂಚಿನಿಂದ ನೂಲಿನಂತಹ ಎಳೆಗಳು ಹೊರಚಾಚಿ, ಚಾವಟಿಯಂತೆ ಬಳುಕುತ್ತ ಸುತ್ತಲಿನ ರಕ್ತಕಣಗಳನ್ನು ತಳ್ಳುತ್ತಿದ್ದುವು. ಹೀಗೆ ಚಲಿಸುವುದು ಜೀವಿಯಲ್ಲದೆ ಮತ್ತೇನು? ರಕ್ತವನ್ನು ಒಣಗಿಸಿದ್ದರೆ ಈ ಚಲನೆ ಕಾಣುತ್ತಲೇ ಇರಲಿಲ್ಲ.

ಒಮ್ಮೆ ಕಂಡುದರಿಂದ ಅವನು ತೃಪ್ತನಾಗಲಿಲ್ಲ. 192 ರೋಗಿಗಳನ್ನು ಪರೀಕ್ಷಿಸಿ, 148 ಮಂದಿಯ ರಕ್ತದಲ್ಲಿ ಆ ಪರೋಪಜೀವಿಯನ್ನು ಗುರುತಿಸಿದನು. ಕ್ವಿನೈನ್ ಕೊಟ್ಟ ಬಳಿಕ ಅದು ಮರೆಯಾಗುವುದನ್ನೂ ಗಮನಿಸಿದನು. ಆದರೂ ಅನೇಕ ವಿದ್ವಾಂಸರು ನಂಬಲಿಲ್ಲ. 1879ರಲ್ಲಿ ಇಟಲಿಯಲ್ಲಿ ಸಾರಲಾಗಿದ್ದ ಒಂದು ಬ್ಯಾಕ್ಟೀರಿಯವೇ ರೋಗಕಾರಣವೆಂದು ವಾದಿಸಿದರು. ಲಾವೆರಾನನು ಎದೆಗುಂದಲಿಲ್ಲ. 1882ರಲ್ಲಿ ರೋಮಿಗೆ ಹೋಗಿ, ಅಲ್ಲಿಯ ರೋಗಿಗಳ ರಕ್ತದಲ್ಲಿಯೂ ಅದೇ ಜೀವಿಯನ್ನು ಕಂಡನು. ಕ್ರಮೇಣ ವಿರೋಧ ಅಡಗಿತು. 1897ರಲ್ಲಿ ನಮ್ಮ ದೇಶದ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸನು ಸೊಳ್ಳೆಯ ಜಠರದಲ್ಲಿ ಈ ಪರೋಪಜೀವಿಯನ್ನು ಪತ್ತೆಹಚ್ಚಿದಾಗ, ರೋಗ ಹರಡುವ ದಾರಿಯೂ ಬೆಳಕಿಗೆ ಬಂದಿತು.

1907ರಲ್ಲಿ ಲಾವೆರಾನನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅದರ ಅರ್ಧ ಹಣವನ್ನು ಅವನು ಪಾಶ್ಚರ್ ಸಂಸ್ಥೆಯಲ್ಲಿ ಉಷ್ಣವಲಯದ ರೋಗಗಳ ಪ್ರಯೋಗಶಾಲೆಯನ್ನು ತೆರೆಯಲು ಕೊಟ್ಟನು. 1922ರಲ್ಲಿ ನಿಧನನಾದನು.

1976ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಪರೋಪಜೀವಿಯನ್ನು ಮಾನವ ರಕ್ತಕಣಗಳಲ್ಲಿ, ದೇಹದ ಹೊರಗೆ, ನಿರಂತರವಾಗಿ ಬೆಳೆಸುವ ವಿಧಾನವನ್ನು ಕಂಡುಹಿಡಿದರು. ಹೀಗೆ ಬೆಳೆಸಿದ ರಕ್ತದಲ್ಲಿ ಅದು ಇದೆಯೇ ಎಂದು ತಿಳಿಯಲು ಇಂದು ಹಲವು ಹೊಸ ಉಪಾಯಗಳುಂಟು. ಆದರೂ ಒಂದು ಹನಿಯನ್ನು ಗಾಜಿನ ಮೇಲೆ ತೆಳುವಾಗಿ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿಯನ್ನು ಪ್ರಯೋಗಶಾಲೆಗಳು ಬಿಟ್ಟಿಲ್ಲ. ಹನಿ ರಕ್ತವನ್ನು ತಾಳ್ಮೆಯಿಂದ ನೋಡಿದ ಆ ಸೇನಾವೈದ್ಯನ ದಾರಿ ಇನ್ನೂ ಸವೆದಿಲ್ಲ.