ರೈಲುಹಾದಿಯ ಗಾಯಕ

ಅಮೆರಿಕಾ ಸಂಯುಕ್ತ ಸಂಸ್ಥಾನದ ಬ್ರಿಸ್ಟಲ್ ಎಂಬ ಪಟ್ಟಣದ ಮುಖ್ಯ ಬೀದಿಯ ನಡುವೆಯೇ ಎರಡು ರಾಜ್ಯಗಳ ಗಡಿ ಹಾದುಹೋಗುತ್ತದೆ. ಒಂದು ಮಗ್ಗುಲು ಟೆನೆಸಿ. ಇನ್ನೊಂದು ಮಗ್ಗುಲು ವರ್ಜೀನಿಯಾ. 1927ನೆಯ ಇಸವಿಯ ಆಗಸ್ಟ್ 4ರಂದು ಆ ಬೀದಿಯ ಒಂದು ಕಟ್ಟಡದ ಮಹಡಿಯನ್ನು ಕ್ಷಯರೋಗಿಯಾದ ತರುಣನೊಬ್ಬ ಗಿಟಾರು ಹಿಡಿದು ಹತ್ತಿದ. ಅವನ ಜೊತೆಗಾರರು ಹಿಂದಿನ ದಿನವಷ್ಟೇ ಅವನನ್ನು ಬಿಟ್ಟು ಬೇರೆಯಾಗಿದ್ದರು. ಒಬ್ಬನೇ ನಿಂತು ಎರಡು ಹಾಡುಗಳನ್ನು ಹಾಡಿದ. ಅದಕ್ಕೆ ಅವನಿಗೆ ದೊರೆತದ್ದು ನೂರು ಡಾಲರು. ಅವನ ಹೆಸರು ಜಿಮ್ಮಿ ರಾಜರ್ಸ್. ಅಮೆರಿಕದ ಹಳ್ಳಿಗಾಡಿನ ಹಾಡು ‘ಕಂಟ್ರಿ’ ಸಂಗೀತವೆಂಬ ಹೆಸರಿನಿಂದ ಲೋಕವಿಖ್ಯಾತವಾದ ಕಥೆಯನ್ನು ಹೇಳಹೊರಟವರು ಆ ಒಂದು ವರ್ಷವನ್ನು ದಾಟಿ ಮುಂದೆ ಹೋಗುವಂತಿಲ್ಲ.

ರಾಜರ್ಸ್ ಹುಟ್ಟಿದ್ದು 1897ರ ಸೆಪ್ಟೆಂಬರ್ 8ರಂದು. ಊರು ಮಿಸಿಸಿಪಿ ರಾಜ್ಯದ ಮೆರಿಡಿಯನ್ ಸೀಮೆ. ತಂದೆ ರೈಲು ಹಳಿಗಳನ್ನು ನೋಡಿಕೊಳ್ಳುವ ಕೂಲಿಗಳ ಮೇಸ್ತ್ರಿ. ತಾಯಿ ಬಲುಬೇಗ ತೀರಿಕೊಂಡಳು. ಮನೆಯ ಆಸರೆ ಕಡಿಮೆಯಾದ ಹುಡುಗನನ್ನು ಸಾಕಿದ್ದು ರೈಲುಹಾದಿಯೇ ಎನ್ನಬೇಕು. ಹಳಿಯ ಮೇಲೆ ದುಡಿಯುತ್ತಿದ್ದ ಆಫ್ರಿಕಾ ಮೂಲದ ಕೂಲಿಗಳಿಗೆ ನೀರು ಹೊತ್ತುಕೊಟ್ಟ. ಅವರು ಏಟಿಗೊಂದು ಸೊಲ್ಲಿನಂತೆ ಹಾಡಿಕೊಳ್ಳುತ್ತಿದ್ದ ಪದಗಳನ್ನು ಕಿವಿತುಂಬ ಕೇಳಿದ. ದುಃಖವನ್ನು ಸರಸದ ಮಾತಿನಲ್ಲಿ ಹೇಳಿಬಿಡುವ ‘ಬ್ಲೂಸ್’ ಎಂಬ ಅವರ ಗೇಯಪ್ರಕಾರ ಅವನಿಗೆ ದಕ್ಕಿದ್ದು ಹೀಗೆ. ಮುಂದೆ ಗಾಡಿಗಳಲ್ಲಿ ಬ್ರೇಕು ಹಾಕುವ ಕೆಲಸಕ್ಕೆ ಸೇರಿದ. 1920ರಲ್ಲಿ ಕ್ಯಾರಿ ಎಂಬ ಹೆಣ್ಣನ್ನು ಮದುವೆಯಾದ. ಇಬ್ಬರು ಹೆಣ್ಣುಮಕ್ಕಳಾಗಿ, ಕಿರಿಯದು ಎಳೆಗೂಸಾಗಿರುವಾಗಲೇ ಹೋಯಿತು. 1924ರಲ್ಲಿ ಅವನಿಗೆ ಕ್ಷಯವಿರುವುದು ಗೊತ್ತಾಯಿತು. ಆಗ ವಯಸ್ಸು ಇಪ್ಪತ್ತೇಳು. ರೈಲಿನ ಕೆಲಸ ಕ್ರಮೇಣ ಕೈಬಿಟ್ಟಿತು, ಉಳಿದದ್ದು ಹಾಡೊಂದೇ.

ಇಲ್ಲಿ ಒಂದು ವಿಷಯವನ್ನು ವಾಚಕರು ಗಮನಿಸಬೇಕೆಂದು ನನ್ನ ಕೋರಿಕೆ. ಶ್ವಾಸಕೋಶವೇ ಸವೆದುಹೋಗುವ ರೋಗ ಬಂದವನು ಹಿಡಿದದ್ದು ಉಸಿರನ್ನೇ ಬಂಡವಾಳ ಮಾಡಿಕೊಳ್ಳುವ ಕಸುಬು. ಈ ವಿರೋಧವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಅವನ ಮುಂದಿನ ಆರು ವರ್ಷಗಳನ್ನು ಅರ್ಥಮಾಡಿಕೊಳ್ಳಲಾಗದು.

1927ರಲ್ಲಿ ಉತ್ತರ ಕೆರೊಲಿನಾದ ಆಶ್‌ವಿಲ್ ಪಟ್ಟಣಕ್ಕೆ ಬಂದು ಅಲ್ಲಿನ ಹೊಸ ರೇಡಿಯೋ ಕೇಂದ್ರದಲ್ಲಿ ಕೆಲಕಾಲ ಹಾಡಿದ. ಬ್ರಿಸ್ಟಲ್ಲಿನ ಕೆಲವು ವಾದ್ಯಗಾರರೊಡನೆ ಒಂದು ಮೇಳ ಕಟ್ಟಿದ. ಅದೇ ಬೇಸಗೆಯಲ್ಲಿ ವಿಕ್ಟರ್ ಗ್ರಾಮಫೋನು ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಎಂಬಾತ ಬ್ರಿಸ್ಟಲ್ಲಿಗೆ ಬಂದಿಳಿದ. ಟೋಪಿ ವ್ಯಾಪಾರದ ಕಂಪನಿಯಿದ್ದ ಕಟ್ಟಡದ ಮೇಲಂತಸ್ತಿನಲ್ಲಿ, ಸದ್ದು ಪ್ರತಿಧ್ವನಿಸದಂತೆ ಗೋಡೆಗೆ ಹಚ್ಚಡಗಳನ್ನು ತೂಗುಹಾಕಿ, ಮೇಣದ ತಟ್ಟೆಗಳ ಮೇಲೆ ಧ್ವನಿ ಮುದ್ರಿಸಿಕೊಳ್ಳುವ ಏರ್ಪಾಡಾಯಿತು. ಜುಲೈ 25ರಿಂದ ಆಗಸ್ಟ್ 5ರವರೆಗೆ ಹತ್ತೊಂಬತ್ತು ಗಾಯಕರೂ ಮೇಳಗಳೂ ಸೇರಿ 76 ಮುದ್ರಣಗಳಾದವು. ಅರ್ನೆಸ್ಟ್ ಸ್ಟೋನ್‌ಮನ್ ಎಂಬ ಗಾಯಕ ಹಿಂದಿನ ವರ್ಷ 3,600 ಡಾಲರು ಸಂಪಾದಿಸಿದನೆಂಬ ಸುದ್ದಿ ಸ್ಥಳೀಯ ಪತ್ರಿಕೆಯಲ್ಲಿ ಬಂದದ್ದೇ ತಡ, ಗುಡ್ಡಗಾಡಿನ ಜನ ಪಿಟೀಲು ಬ್ಯಾಂಜೋಗಳನ್ನು ಹೊತ್ತು ಪಟ್ಟಣಕ್ಕೆ ಇಳಿದರು. ವರ್ಜೀನಿಯಾದ ಬೆಟ್ಟದೊಳಗಿಂದ ಕಾರ್ಟರ್ ಕುಟುಂಬದ ಮೂವರು ಬಂದು ಆಗಸ್ಟ್ 1 ಮತ್ತು 2ರಂದು ಆರು ಹಾಡುಗಳನ್ನು ಹಾಡಿದರು. ಅವರಲ್ಲಿ ಗಿಟಾರು ನುಡಿಸಿದ ಮೇಬೆಲ್ ಆಗ ತುಂಬುಗರ್ಭಿಣಿ. ಎರಡು ದಿನದ ತರುವಾಯ ರಾಜರ್ಸನ ಸರದಿ. ಮುದ್ರಿಕೆಯ ಮೇಲೆ ಯಾರ ಹೆಸರು ಇರಬೇಕೆಂಬ ಜಗಳದಲ್ಲಿ ಮೇಳ ಮುರಿದಿತ್ತು. ಆದುದರಿಂದಲೇ ಅವನು ಒಂಟಿ.

ಪಿಯರ್ ಕೇವಲ ರಸಿಕನಾಗಿರಲಿಲ್ಲ, ಲೆಕ್ಕ ಬಲ್ಲವನಾಗಿದ್ದ. ಕಂಪನಿಯಿಂದ ಸಂಬಳ ಬೇಡವೆಂದು, ಹಾಡುಗಳ ಕೃತಿಸ್ವಾಮ್ಯವನ್ನು ಮಾತ್ರ ತನಗಿರಿಸಿಕೊಂಡಿದ್ದ. ಆದಕಾರಣ ಎಲ್ಲರಿಗೂ ಗೊತ್ತಿದ್ದ ಹಳೆಯ ಹಾಡಿಗಿಂತ ಇನ್ನೂ ಯಾರೂ ತಮ್ಮ ಹೆಸರಿಗೆ ದಾಖಲು ಮಾಡಿಸದ ಹಾಡೇ ಅವನಿಗೆ ಬೇಕಾಗಿತ್ತು. ಜನಪದ ಗೀತೆಗೆ ಕರ್ತೃವನ್ನು ಹುಡುಕಬೇಡಿರೆಂದು ತರಗತಿಯಲ್ಲಿ ನಾವು ಹೇಳಿಕೊಡುತ್ತೇವೆ. ಪಿಯರನ ವ್ಯವಹಾರದಲ್ಲಿ ಕರ್ತೃವಿಲ್ಲದ ಹಾಡಿಗೆ ಬೆಲೆಯೇ ಇಲ್ಲ. ಹಲವರ ಬಾಯಲ್ಲಿ ಸವೆದು ನಯವಾದ ಸೊಲ್ಲುಗಳಿಗೆ ಈಗ ಒಬ್ಬ ಒಡೆಯ ಬೇಕಾದ. ರಾಜರ್ಸನ ಹಾಡುಗಳಲ್ಲಿ ರೈಲುಕೂಲಿಗಳ ಪಾಲಿತ್ತು. ಹಲವು ಹಾಡುಗಳನ್ನು ಕಟ್ಟುವುದರಲ್ಲಿ ಅವನ ಹೆಂಡತಿಯ ಅಕ್ಕತಂಗಿಯರಲ್ಲೊಬ್ಬಳಾದ ಎಲ್ಸಿ ಮ್ಯಾಕ್‌ವಿಲಿಯಮ್ಸಳ ಕೈಯಿತ್ತು. ಕೂಲಿಗಳ ಹೆಸರು ಮುದ್ರಿಕೆಯ ಮೇಲೆ ಬರಲಿಲ್ಲ. ಎಲ್ಸಿಯ ಹೆಸರು ಎಲ್ಲ ಕಡೆಯೂ ಬರಲಿಲ್ಲ. ಇದರಿಂದ ರಾಜರ್ಸನನ್ನು ಕಳ್ಳನೆನ್ನುವುದು ಅನ್ಯಾಯವಾದೀತು. ಆದರೆ ಲೆಕ್ಕವನ್ನು ಮರೆಮಾಚುವುದೂ ಅನ್ಯಾಯವೇ.

ಬ್ರಿಸ್ಟಲ್ಲಿನ ಮುದ್ರಿಕೆ ಸಾಧಾರಣವಾಗಿ ಮಾರಾಟವಾಯಿತು. ಕರೆ ಬರಲೆಂದು ಕಾಯದೆ ರಾಜರ್ಸ್ ತಾನೇ ನ್ಯೂಯಾರ್ಕಿಗೆ ಹೋಗಿ ಪಿಯರನನ್ನು ಕಂಡ. 1927ರ ನವೆಂಬರ್ 30ರಂದು ನ್ಯೂಜರ್ಸಿಯ ಕ್ಯಾಮ್‌ಡೆನ್ ಪಟ್ಟಣದಲ್ಲಿ ‘ಬ್ಲೂ ಯೋಡೆಲ್’ ಎಂಬ ಹಾಡು ಮುದ್ರಣವಾಯಿತು. ಕೂಲಿಗಳ ಬ್ಲೂಸ್ ಪದ. ಅದರ ಸೊಲ್ಲು ಮುಗಿಯುವಲ್ಲಿ ಎದೆಯ ದನಿಯಿಂದ ಥಟ್ಟನೆ ಮೇಲಕ್ಕೆ ಚಿಮ್ಮಿ ಮತ್ತೆ ಇಳಿಯುವ, ಆಲ್ಪ್ಸ್ ಪರ್ವತದ ಜನರದೆಂದು ಹೆಸರಾದ ಕೂಗು. ಎರಡು ದೂರದ ನಾಡುಗಳ ದನಿಗಳು ರೋಗಿಯೊಬ್ಬನ ಗಂಟಲಿನಲ್ಲಿ ಕೂಡಿದವು. ಮರುವರ್ಷ ಹೊರಬಂದ ಆ ಮುದ್ರಿಕೆ ಲಕ್ಷಗಟ್ಟಲೆ ಮಾರಾಟವಾಯಿತು. ವರ್ಷದ ಆರಂಭದಲ್ಲಿ ಯಾರೂ ಅರಿಯದಿದ್ದವನ ದನಿ ಸ್ವಲ್ಪ ಕಾಲದಲ್ಲಿಯೇ ದಕ್ಷಿಣದ ಹಳ್ಳಿಹಳ್ಳಿಯ ಗ್ರಾಮಫೋನುಗಳಲ್ಲಿ ಕೇಳಿಬಂದಿತು.

ಹಣ ಬಂದಿತು, ಬಂದಂತೆಯೇ ಹೋಯಿತು. ಒಣಹವೆಯನ್ನು ಬಯಸಿ ಟೆಕ್ಸಸ್ಸಿನ ಕರ್‌ವಿಲ್‌ನಲ್ಲಿ 1929ರಲ್ಲಿ ದೊಡ್ಡ ಮನೆ ಕಟ್ಟಿಸಿದ. ಕೊನೆಗೆ ಅದನ್ನೂ ಬಿಡಬೇಕಾಯಿತು. 1930ರ ಜುಲೈ 16ರಂದು ಹಾಲಿವುಡ್ಡಿನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗನ ತುತ್ತೂರಿಯ ಜೊತೆಗೆ ಹಾಡಿದ. ಕರಿಯರಿಗೂ ಬಿಳಿಯರಿಗೂ ರೈಲಿನ ಡಬ್ಬಿಗಳೇ ಬೇರೆಯಾಗಿದ್ದ ಕಾಲವದು. 1931ರಲ್ಲಿ ತನ್ನ ರೋಗವನ್ನೇ ವಸ್ತುವಾಗಿಸಿಕೊಂಡು ಒಂದು ಹಾಡನ್ನು ಮುದ್ರಿಸಿದ. ಅಂಗಲಾಚುವುದು ಅವನ ಸ್ವಭಾವವಲ್ಲ. ಸಾವಿನೊಡನೆಯೂ ಅವನದು ಸಲಿಗೆಯ ಮಾತು.

ಆರ್ಥಿಕ ಮುಗ್ಗಟ್ಟಿನಲ್ಲಿ ಮುದ್ರಿಕೆಗಳ ವ್ಯಾಪಾರ ಕುಸಿದಿತ್ತು. 1933ರ ಮೇ ತಿಂಗಳಲ್ಲಿ, ಮನೆಯವರಿಗೆ ಏನಾದರೂ ಉಳಿಯಲೆಂದು, ದಾದಿಯೊಬ್ಬಳನ್ನು ಕರೆದುಕೊಂಡು ನ್ಯೂಯಾರ್ಕಿಗೆ ಬಂದ. ಒಂದು ಹಾಡು ಹಾಡುವುದು; ಪಕ್ಕದಲ್ಲಿ ಹಾಕಿದ ಮಂಚದ ಮೇಲೆ ಮಲಗಿ ಸುಧಾರಿಸಿಕೊಳ್ಳುವುದು; ಎದ್ದು ಮತ್ತೊಂದು ಹಾಡುವುದು. ಮೇ 24ರಂದು ಕೊನೆಯ ಹಾಡು ಮುಗಿಯಿತು. 26ರಂದು ಟಾಫ್ಟ್ ಹೋಟೆಲಿನಲ್ಲಿ ತೀರಿಕೊಂಡ, ವಯಸ್ಸು ಮೂವತ್ತೈದು. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು ಅಲ್ಲಿಂದ ಹತ್ತು ವರ್ಷಕ್ಕೆ, 1943ರಲ್ಲಿ. ಅವನ ಕಳೇಬರವನ್ನು ಮೆರಿಡಿಯನ್ನಿಗೆ ತಂದದ್ದು ರೈಲುಗಾಡಿಯೇ. 1961ರಲ್ಲಿ ಕಂಟ್ರಿ ಸಂಗೀತದ ಕೀರ್ತಿಮಂದಿರಕ್ಕೆ ಮೊಟ್ಟಮೊದಲು ಆಯ್ಕೆಯಾದ ಮೂವರಲ್ಲಿ ಅವನೊಬ್ಬ.

ಆದರೆ ಅವನಿಗೆ ಸಂದ ಗೌರವಗಳಲ್ಲಿ ನನಗೆ ಹಿರಿದೆನಿಸುವುದು ಬೇರೊಂದು. 1950ರಲ್ಲಿ ಹ್ಯೂ ಟ್ರೇಸಿ ಎಂಬ ಸಂಗ್ರಾಹಕ ಕೀನ್ಯಾ ದೇಶದ ಕಿಪ್ಸಿಗಿಸ್ ಜನರ ಹಾಡುಗಳನ್ನು ಮುದ್ರಿಸಿಕೊಳ್ಳುತ್ತಿದ್ದಾಗ, ಹೆಣ್ಣುಮಕ್ಕಳು ಚೆಮಿರೋಚಾ ಎಂಬುವನನ್ನು ಕುರಿತು ಹಾಡಿದರು. ಅರ್ಧ ಮನುಷ್ಯ, ಅರ್ಧ ಜಿಂಕೆಯ ರೂಪದ ಆ ಅದ್ಭುತ ವ್ಯಕ್ತಿ ಬೇರೆ ಯಾರೂ ಅಲ್ಲ. ಆ ಸೀಮೆಗೆ ಗ್ರಾಮಫೋನಿನ ಮೂಲಕ ಮುಟ್ಟಿದ ಜಿಮ್ಮಿ ರಾಜರ್ಸನ ಹೆಸರೇ ಅವರ ನಾಲಗೆಯಲ್ಲಿ ಹಾಗೆ ತಿರುಗಿತ್ತು. 1927ರಲ್ಲಿ ಜನಪದದ ಹಾಡು ಒಬ್ಬನ ಸೊತ್ತಾಯಿತು. ಇಪ್ಪತ್ತಮೂರು ವರ್ಷಗಳ ಮೇಲೆ ಆ ಒಬ್ಬನೇ, ಕೃತಿಸ್ವಾಮ್ಯದ ಹಂಗಿಲ್ಲದ ಇನ್ನೊಂದು ಜನಪದದ ಸೊತ್ತಾದ. ಸಾಲ ಹೀಗೂ ತೀರುವುದುಂಟು.